ಸುರಪುರದ ರೈತನ ಕೈಗೆ ಯಾವ ಬಂದೂಕು? ಅಡವಿ ಹಂದಿ, ಎರಡು ಕಾಗದ ಮತ್ತು ಬೇಡರ ಚರಿತ್ರೆ

“ಅಣ್ಣಾ, ಅಡವಿ ಹಂದಿಗೆ ಯಾವ ರೈಫಲ್ ಚಲೋ?” ಯಾದಗಿರಿ ಜಿಲ್ಲೆಯ ಹುಡುಗರು ನನಗೆ ಪದೇ ಪದೇ ಕೇಳುವ ಪ್ರಶ್ನೆ ಇದು. ಯೂಟ್ಯೂಬ್‌ನಲ್ಲಿ ಸ್ವೀಡನ್, ಕೆನಡಾದ ಮೂಸ್ ಬೇಟೆ ನೋಡಿರ್ತಾರೆ. ಮೂಸ್ ಅಂದ್ರೆ ನಮ್ಮ ಎತ್ತಿಗಿಂತ ಎತ್ತರ ನಿಲ್ಲುವ, ಅಗಲವಾದ ಕೊಂಬಿನ ಭಾರೀ ಜಿಂಕೆ. ಅದನ್ನು ಒಂದೇ ಗುಂಡಿಗೆ ಕೆಡವುವ ರೈಫಲ್ ನಮ್ಮ ಶೇಂಗಾ ಹೊಲಕ್ಕೂ ಆದೀತು ಅನ್ನೋದು ಅವರ ಲೆಕ್ಕ.

ಕೇಳುವವರ ಸಂಕಟ ಸುಳ್ಳಲ್ಲ. ಶಹಾಪುರದ ಗುಡ್ಡದ ಸೆರಗಿನಲ್ಲಿ, ಸುರಪುರ-ಹುಣಸಗಿ ಕಡೆಯ ನೀರಾವರಿ ಹೊಲಗಳಲ್ಲಿ ರಾತ್ರಿ ಹಂದಿ ಹಿಂಡು ನುಗ್ಗಿದರೆ ಬೆಳಗಾಗುವಷ್ಟರಲ್ಲಿ ಶೇಂಗಾ ಸಾಲು ಉತ್ತ ಹಾಗೆ ಆಗಿರುತ್ತೆ. ಬೀಜ, ಗೊಬ್ಬರ, ಕೂಲಿ ಎಲ್ಲ ಸಾಲದ ದುಡ್ಡು. ಆದರೆ ಈ ಪ್ರಶ್ನೆಗೆ ಭಾರತದಲ್ಲಿ ಒಂದು ರೈಫಲ್‌ನ ಹೆಸರು ಹೇಳಿದರೆ ಉತ್ತರ ಆಗಲ್ಲ. ಇಲ್ಲಿ ಬಂದೂಕನ್ನು ತೀರ್ಮಾನಿಸೋದು ಪ್ರಾಣಿಯ ಗಾತ್ರವಲ್ಲ, ಎರಡು ಬೇರೆ ಬೇರೆ ಕಾಗದಗಳು. ಬಂದೂಕು ಇಟ್ಟುಕೊಳ್ಳೋಕೆ ಒಂದು, ಗುಂಡು ಹಾರಿಸೋಕೆ ಇನ್ನೊಂದು. ಒಂದು ಇದ್ದು ಇನ್ನೊಂದು ಇಲ್ಲದವರು ಜೈಲಿನ ದಾರಿಯಲ್ಲಿದ್ದಾರೆ ಅಂತಲೇ ಅರ್ಥ. ಆ ಎರಡೂ ಕಾಗದಗಳ ಲೆಕ್ಕವನ್ನು, ಅವುಗಳ ಹಿಂದಿನ ರಾಜಕೀಯದ ಜೊತೆ, ಒಂದೇ ಕಡೆ ಇಡುತ್ತಿದ್ದೇನೆ.

ಮೂಸ್ ನಾಡಿನ ಲೆಕ್ಕ

ಮೊದಲು ವಿಡಿಯೊದ ದೇಶಕ್ಕೇ ಹೋಗೋಣ. ಸ್ವೀಡನ್‌ನಲ್ಲಿ ಮೂಸ್ ಹೊಡೆಯಲು ಕಾನೂನು ಒಂದು ಕನಿಷ್ಠ ಶಕ್ತಿಯನ್ನು ಗೊತ್ತುಮಾಡಿದೆ. ಗುಂಡಿನ ತೂಕ 9 ಗ್ರಾಂ ಇದ್ದರೆ 100 ಮೀಟರ್ ದೂರದಲ್ಲಿ ಅದಕ್ಕೆ 2,700 ಜೂಲ್ ಶಕ್ತಿ ಉಳಿದಿರಬೇಕು. ತೂಕ 10 ಗ್ರಾಂ ಅಥವಾ ಹೆಚ್ಚಿದ್ದರೆ 2,000 ಜೂಲ್ ಸಾಕು. ಯಾಕೆ ಈ ಲೆಕ್ಕ? ಗುಂಡು ತಿಂದ ಪ್ರಾಣಿ ಗಾಯಗೊಂಡು ದಿನಗಟ್ಟಲೆ ನರಳಿ ಸಾಯಬಾರದು, ಬೇಗ ಪ್ರಾಣ ಹೋಗಬೇಕು ಅಂತ. ಜೊತೆಗೆ ಬೇಟೆಗಾರ ಲಿಖಿತ ಪರೀಕ್ಷೆ, ಗುರಿ ಪರೀಕ್ಷೆ ಎರಡೂ ಪಾಸಾಗಿರಬೇಕು.

ಅಂದ್ರೆ ಅಲ್ಲಿ ಕಾನೂನು ಕೇಳೋದು: ಈ ಪ್ರಾಣಿಗೆ ಈ ಬಂದೂಕು ಸಾಕಾ? ಹೊಡೆಯುವವನಿಗೆ ಹೊಡೆಯೋಕೆ ಬರುತ್ತಾ? ನಮ್ಮಲ್ಲಿ ಕಾನೂನು ಕೇಳೋದು: ನೀನು ಯಾರು? ಬಂದೂಕು ಯಾಕೆ? ಈ ವ್ಯತ್ಯಾಸ ಸುಮ್ಮನೆ ಬಂದಿದ್ದಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲ ಕಾಗದ: ಬಂದೂಕಿನ ಲೈಸೆನ್ಸ್

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಬೆಳೆ ರಕ್ಷಣೆಯ ಮಾತು ನೇರವಾಗಿಯೇ ಇದೆ. ನಿಜವಾಗಿ ಬೆಳೆ ಕಾಯಲು ಬೇಕೆಂದರೆ ನಳಿಗೆ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಲೈಸೆನ್ಸ್ ಕೊಡಬೇಕು. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ 20 ಇಂಚಿಗಿಂತ ಕಡಿಮೆಯಿಲ್ಲದ ನಳಿಗೆಯ, ಒಳಗೆ ನುಣುಪಾಗಿರುವ ಬೇರೆ ಬಂದೂಕಿಗೂ ಕೊಡಬಹುದು. ರೈಫಲ್ ಈ ಬೆಳೆ ರಕ್ಷಣೆಯ ಪಟ್ಟಿಯಲ್ಲೇ ಇಲ್ಲ. ಅದಕ್ಕೆ ‘ಸಕಾರಣ’ ಇದೆ ಅಂತ ಬೇರೆಯಾಗಿ ತೋರಿಸಬೇಕು.

ಲೈಸೆನ್ಸ್ ಪುಸ್ತಕದಲ್ಲಿ ಕಾಣುವ ಗೂಢಾಕ್ಷರಗಳು ಇಷ್ಟೇ:

ಎಸ್‌ಬಿಎಂಎಲ್: ಒಂಟಿ ನಳಿಗೆ, ಬಾಯಿಂದ ಮದ್ದು ತುಂಬುವುದು. ಮದ್ದು ಸುರಿದು, ಬಟ್ಟೆ ಅಥವಾ ನಾರು ಗಿಡಿದು, ಸೀಸದ ಗುಂಡು ಹಾಕಿ, ಕೇಪು ಇಡಬೇಕು. ಒಂದು ಸಲ ಹೊಡೆದರೆ ಮತ್ತೆ ತುಂಬುವಷ್ಟರಲ್ಲಿ ಹಂದಿ ಪಕ್ಕದ ಊರಿನ ಸೀಮೆ ಸೇರಿರುತ್ತೆ. ಮಳೆಗಾಲದಲ್ಲಿ ಮದ್ದು ತೇವ ಹಿಡಿದರೆ ಹೊಡೆಯೋದೂ ಇಲ್ಲ. ಆದರೆ ಹಂದಿ ಕಾಟ ಜೋರಾಗೋದು ಬೆಳೆ ಹಸಿರಿರುವ ಆ ಮಳೆಗಾಲದಲ್ಲೇ.

ಎಸ್‌ಬಿಬಿಎಲ್, ಡಿಬಿಬಿಎಲ್: ಒಂಟಿ ನಳಿಗೆ, ಜೋಡಿ ನಳಿಗೆ. ಹಿಂದಿನಿಂದ ತೋಟಾ ಹಾಕುವುದು. ಸಾಮಾನ್ಯವಾಗಿ 12 ಬೋರ್. ಒಂದು ಪೌಂಡ್ ಸೀಸದಲ್ಲಿ 12 ಸಮ ಗುಂಡು ಮಾಡಿದರೆ ಒಂದೊಂದರ ಅಗಲ ಎಷ್ಟೋ, ನಳಿಗೆಯ ಬಾಯಿ ಅಷ್ಟಗಲ, ಸುಮಾರು ಹದಿನೆಂಟೂವರೆ ಮಿಲಿಮೀಟರ್. ಹೆಸರು ಬಂದಿದ್ದು ಹಾಗೆ. ತೋಟಾದೊಳಗೆ ಸಣ್ಣ ಗುಂಡು ತುಂಬಿದ್ದರೆ ಹಕ್ಕಿಗೆ, ಎಲ್‌ಜಿ, ಎಸ್‌ಜಿಯಂಥ ದಪ್ಪ ಗುಂಡು ಇದ್ದರೆ ದೊಡ್ಡ ಪ್ರಾಣಿಗೆ. 35-40 ಮೀಟರ್ ದಾಟಿದ ಮೇಲೆ ಗುಂಡುಗಳು ಚದುರಿ ಸತ್ವ ಕಳಕೊಳ್ತವೆ. ಆ ದೂರದಿಂದ ಹೊಡೆದರೆ ಹಂದಿ ಸಾಯಲ್ಲ, ಗಾಯಗೊಳ್ಳುತ್ತೆ. ಗಾಯಗೊಂಡ ಗಂಡು ಹಂದಿ ಎದುರಾದರೆ ಮನುಷ್ಯನ ತೊಡೆ ಸೀಳುತ್ತೆ.

ರೈಫಲ್: ನಳಿಗೆಯೊಳಗೆ ಸುರುಳಿ ಗೆರೆ ಕೊರೆದಿರುತ್ತಾರೆ. ಗುಂಡು ತಿರುಗುತ್ತಾ ನೆಟ್ಟಗೆ ಹೋಗುತ್ತೆ. ನಮ್ಮ ಸರ್ಕಾರಿ ಕಾರ್ಖಾನೆ ನಾಗರಿಕರಿಗಾಗಿ ಮಾಡಿದ್ದು .315 ಬೋರ್, ಗುಂಡಿನ ತೂಕ ಸುಮಾರು 16 ಗ್ರಾಂ. .303ಯಂಥ ಸೇನೆಯ ಬೋರುಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಅದನ್ನು ತಪ್ಪಿಸಲೆಂದೇ .315 ಹುಟ್ಟಿದ್ದು.

ಇನ್ನು ಏರ್‌ಗನ್. .177 ಅಂದ್ರೆ ನಾಲ್ಕೂವರೆ ಮಿಲಿಮೀಟರ್ ಬೋರ್, 20 ಜೂಲ್ ಒಳಗಿನ ಶಕ್ತಿ ಇದ್ದರೆ ಲೈಸೆನ್ಸ್ ಬೇಕಿಲ್ಲ. ಅದಕ್ಕೇ ಆನ್‌ಲೈನ್‌ನಲ್ಲಿ ತರಿಸಿಕೊಂಡ ಹುಡುಗರು ‘ಇದಕ್ಕೆ ಕೇಸಿಲ್ಲ’ ಅಂತಾರೆ. ಬಂದೂಕಿಗೆ ಕೇಸಿಲ್ಲ, ನಿಜ. ಅದರಿಂದ ಮೊಲವನ್ನೋ ಕೌಜುಗವನ್ನೋ ಹೊಡೆದರೆ ಕೇಸು ಇದ್ದೇ ಇದೆ.

ಬಯಲುಸೀಮೆಗೆ ರೈಫಲ್ ಯಾಕೆ ಆಗಲ್ಲ

ಕಾನೂನನ್ನು ಪಕ್ಕಕ್ಕಿಟ್ಟು ಬರೀ ಕೆಲಸದ ದೃಷ್ಟಿಯಿಂದ ನೋಡಿದರೂ ನಮ್ಮ ಹೊಲಕ್ಕೆ ರೈಫಲ್ ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ. ಸ್ವೀಡನ್‌ನ ದಟ್ಟ ಕಾಡಿನಲ್ಲಿ ಗುಂಡಿನ ಹಿಂದೆ ಮರ ಇರುತ್ತೆ, ದಿಬ್ಬ ಇರುತ್ತೆ. ಅನುಭವಿ ಬೇಟೆಗಾರ ಹಿಂದೆ ಮಣ್ಣಿನ ಆಸರೆ ಇಲ್ಲದಿದ್ದರೆ ಕುದುರೆ ಎಳೆಯೋದೇ ಇಲ್ಲ. ಕೃಷ್ಣಾ-ಭೀಮೆಯ ನಡುವಿನ ನಮ್ಮ ಎರೆ ಬಯಲು ಹಂಚಿನ ಹಾಗೆ ಚಪ್ಪಟೆ. ತಪ್ಪಿದ ರೈಫಲ್ ಗುಂಡು ಕಿಲೋಮೀಟರುಗಟ್ಟಲೆ ಹೋಗುತ್ತೆ. ಆ ದೂರದೊಳಗೆ ಒಂದು ಊರು, ಒಂದು ತಾಂಡಾ, ಕಾಲುವೆಗೆ ನೀರು ತಿರುವಲು ಹೋದ ಒಬ್ಬ ರೈತ, ಕುರಿ ಹಟ್ಟಿ ಹಾಕಿಕೊಂಡು ಹೊಲದಲ್ಲೇ ಮಲಗಿದ ಕುರಿಗಾರರು ಇದ್ದೇ ಇರ್ತಾರೆ. ಹಂದಿ ಬರೋದು ಕತ್ತಲಲ್ಲಿ. ಕತ್ತಲಲ್ಲಿ ತೊಗರಿ ಸಾಲು ಅಲ್ಲಾಡಿದರೆ ಅದು ಹಂದಿಯೋ ಮನುಷ್ಯನೋ ಅಂತ ಟಾರ್ಚ್ ಹೇಳಲ್ಲ.

ಹಾಗಾಗಿ ಪ್ರಾಣಿ, ನೆಲ, ಜನ ಮೂರನ್ನೂ ಲೆಕ್ಕಕ್ಕೆ ತಗೊಂಡರೆ ಉತ್ತರ ಇದು: ತರಬೇತಿ ಪಡೆದವನ ಕೈಯಲ್ಲಿ 12 ಬೋರ್, ದಪ್ಪ ಗುಂಡಿನ ತೋಟಾ, 30 ಮೀಟರ್ ಒಳಗೆ, ಎತ್ತರದ ಮಾಳಿಗೆ ಅಥವಾ ಅಟ್ಟಣಿಗೆಯಿಂದ ನೆಲದ ಕಡೆಗೆ. ಅದೂ ಎರಡನೇ ಕಾಗದ ಇದ್ದರೆ ಮಾತ್ರ.

ಎರಡನೇ ಕಾಗದ: ಹೊಡೆಯುವ ಅನುಮತಿ

ಬಹಳ ಜನ ಎಡವೋದು ಇಲ್ಲೇ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಕೊಟ್ಟ ಮೇಲೆ ಬೆಳೆ ತಿನ್ನೋ ಪ್ರಾಣಿಯನ್ನು ಹೊಡೆಯಬಹುದು ಅಲ್ವಾ? ಇಲ್ಲ. ಲೈಸೆನ್ಸ್ ಕೊಡೋದು ಜಿಲ್ಲಾಧಿಕಾರಿ, ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ. ಹೊಡೆಯುವ ಅನುಮತಿ ಕೊಡೋದು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ. ಲೈಸೆನ್ಸ್ ಇದ್ದವನು ಗಾಳಿಗೆ ಗುಂಡು ಹಾರಿಸಿ ಹೆದರಿಸಬಹುದೇನೋ. ಅನುಮತಿ ಇಲ್ಲದೆ ಪ್ರಾಣಿಗೆ ಹಾರಿಸಿದರೆ ಅದು ಬೇಟೆ. ಬೇಟೆ ಅಂದ್ರೆ ಗುಂಡು ಮಾತ್ರ ಅಲ್ಲ. ಉರುಲು ಹಾಕೋದು, ಬಲೆ ಒಡ್ಡೋದು, ಹಿಡಿಯೋದು, ಅಟ್ಟಿಸಿಕೊಂಡು ಹೋಗೋದು ಎಲ್ಲವೂ ಕಾಯ್ದೆಯ ಕಣ್ಣಲ್ಲಿ ಬೇಟೆಯೇ.

2022ರ ತಿದ್ದುಪಡಿಯ ನಂತರ ಅಡವಿ ಹಂದಿ ಎರಡನೇ ಅನುಸೂಚಿಯಲ್ಲಿದೆ. ಈ ಅನುಸೂಚಿಯ ಪ್ರಾಣಿ ಮನುಷ್ಯರ ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ತಂದರೆ 11ನೇ ಸೆಕ್ಷನ್ ಅಡಿ, ಕಾರಣ ನಮೂದಿಸಿ, ಲಿಖಿತ ಆದೇಶದ ಮೂಲಕ ಹೊಡೆಯಲು ಅನುಮತಿ ಕೊಡಬಹುದು. ‘ಆಸ್ತಿ’ ಅನ್ನೋ ಪದದೊಳಗೆ ಹೊಲದಲ್ಲಿ ನಿಂತ ಬೆಳೆಯೂ ಸೇರುತ್ತೆ ಅಂತ ಕಾಯ್ದೆಯೇ ಹೇಳುತ್ತೆ. ರೈತರು ಅರ್ಜಿಯಲ್ಲಿ ಈ ಮಾತನ್ನು ಬರೆಯಬೇಕು.

ಚಿಗರಿ ವಿಷಯ ಬೇರೆ. ನಮ್ಮ ಬಯಲಿನ ಕೃಷ್ಣಮೃಗ ಮತ್ತು ನವಿಲು ಎರಡೂ ಮೊದಲನೇ ಅನುಸೂಚಿಯಲ್ಲಿವೆ. ಮನುಷ್ಯರ ಜೀವಕ್ಕೆ ಅಪಾಯ ಇದ್ದರೆ, ಅಥವಾ ಪ್ರಾಣಿ ವಾಸಿಯಾಗದಷ್ಟು ಗಾಯ-ರೋಗದಲ್ಲಿದ್ದರೆ ಮಾತ್ರ ಅವಕ್ಕೆ ಅನುಮತಿಯ ಮಾತು. ಬೆಳೆ ತಿಂತು ಅನ್ನೋದು ಕಾರಣವೇ ಆಗಲ್ಲ. ಚಿಗರಿ ಹೊಡೆದು ಸಿಕ್ಕಿಬಿದ್ದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಹಂದಿ ವಿಷಯದಲ್ಲಿ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅನುಮತಿ ಪಡೆದು ಹೊಡೆದರೂ ಸತ್ತ ಹಂದಿ ಸರ್ಕಾರದ ಆಸ್ತಿ, ಮನೆಗೆ ಒಯ್ಯುವಂತಿಲ್ಲ.

ಒಂದು ವಿನಾಯಿತಿ ಇದೆ. ಪ್ರಾಣಿ ಮೈಮೇಲೆ ಬಂದಾಗ ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಲು ಸದುದ್ದೇಶದಿಂದ ಕೊಂದರೆ ಅದು ಅಪರಾಧವಲ್ಲ. ಆದರೆ ಬೇಟೆಗೆ ಹೋದವನಿಗೆ ಇದು ರಕ್ಷಣೆ ಕೊಡಲ್ಲ.

“ನಾವು ಬೇಡರು, ಬೇಟೆ ನಮ್ಮ ಕುಲದ ಹಕ್ಕಲ್ವಾ?” ಅಂತ ಕೇಳುವವರಿದ್ದಾರೆ. ಪರಿಶಿಷ್ಟ ಪಂಗಡದ ಸ್ಥಾನಮಾನ ಬೇರೆ, ಬೇಟೆಯ ಹಕ್ಕು ಬೇರೆ. ವನ್ಯಜೀವಿ ಕಾಯ್ದೆ ಬೇಟೆಯ ಹಕ್ಕನ್ನು ಉಳಿಸಿರೋದು ನಿಕೋಬಾರ್ ದ್ವೀಪಗಳ ಬುಡಕಟ್ಟುಗಳಿಗೆ. 2006ರ ಅರಣ್ಯ ಹಕ್ಕು ಕಾಯ್ದೆ ಸಾಂಪ್ರದಾಯಿಕ ಹಕ್ಕುಗಳನ್ನು ಮಾನ್ಯ ಮಾಡುವಾಗಲೂ ಬೇಟೆಯನ್ನು ಬಾಯಿಬಿಟ್ಟು ಹೊರಗಿಟ್ಟಿದೆ.

ಬಂದೂಕು ಕಳಕೊಂಡವರು, ಉಳಿಸಿಕೊಂಡವರು

ಬಂದೂಕು ಅನ್ನೋದು ಸುರಪುರಕ್ಕೆ ಹೊರಗಿನಿಂದ ಬಂದ ಫ್ಯಾಷನ್ ಅಲ್ಲ. 1705ರಲ್ಲಿ ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಸುರಪುರದ ಪಕ್ಕದ ವಾಗಣಗೇರಿ ಕೋಟೆಯ ಮೇಲೆ. ಎದುರಿಗಿದ್ದವರು ಪಿಡ್ಡ ನಾಯಕರು ಮತ್ತು ಅವರ ಬೇಡರ ಪಡೆ. ಬೇಡ ಬಂದೂಕುಗಾರರ ಗುರಿ ದಖ್ಖನ್ ತುಂಬ ಹೆಸರಾಗಿತ್ತು.

1857ರಲ್ಲಿ ಕಂಪನಿ ಸರ್ಕಾರ ಜನರ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡಲ್ಲ ಅಂದರು. ಆ ನವೆಂಬರಿನಲ್ಲಿ ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ ಸೆರೆ ಸಿಕ್ಕವರನ್ನು ಗಲ್ಲಿಗೇರಿಸಿದರು. ಮರುವರ್ಷ, 1858ರ ಫೆಬ್ರುವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ತಿರುಗಿಬಿದ್ದರು. ಹೈದರಾಬಾದಿನಲ್ಲಿ ಸೆರೆಯಾಗಿ, ಶಿಕ್ಷೆಗೆ ಒಯ್ಯುವ ದಾರಿಯಲ್ಲೇ ಗುಂಡೇಟಿನಿಂದ ತೀರಿಕೊಂಡರು. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು.

ಅದೇ ಹೊತ್ತಿಗೆ ಕೊಡಗಿನಲ್ಲಿ ಇನ್ನೊಂದು ಕತೆ. 1861ರಲ್ಲಿ, ನಿಷ್ಠೆಗೆ ಪ್ರತಿಫಲ ಅಂತ, ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. ಆ ವಿನಾಯಿತಿ ಇವತ್ತಿಗೂ ಇದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಅದನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೊಡವರಿಗೆ ಬಂದೂಕು ಪೂಜೆಯ ವಸ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ವಿನಾಯಿತಿ ಇದ್ದವರಿಗೂ ಹಂದಿ ಹೊಡೆಯಲು ಎರಡನೇ ಕಾಗದ ಬೇಕೇ ಬೇಕು ಅನ್ನೋದನ್ನೂ ಮರೆಯಬಾರದು. ಆದರೆ ಪ್ರಶ್ನೆ ಉಳಿಯುತ್ತೆ: ಒಂದೇ ರಾಜ್ಯದ ಎರಡು ಸಮುದಾಯಗಳಲ್ಲಿ ಒಂದಕ್ಕೆ ಬಂದೂಕು ಗೌರವ, ಇನ್ನೊಂದಕ್ಕೆ ಬಂದೂಕು ಅಂದ್ರೆ ಅನುಮಾನ. ಈ ಗೆರೆ ಎಳೆದದ್ದು 1857-61ರ ನಡುವೆ ಯಾರು ದಂಗೆ ಎದ್ದರು, ಯಾರು ಏಳಲಿಲ್ಲ ಅನ್ನೋ ಲೆಕ್ಕ.

ಸ್ವತಂತ್ರ ಭಾರತದ 1959ರ ಕಾಯ್ದೆ ಹಳೆಯದಕ್ಕಿಂತ ಉದಾರ. ಆದರೂ ‘ಜನರ ಕೈಗೆ ಎಷ್ಟು ಕಡಿಮೆ ಕೊಟ್ಟರೆ ಸಾಕು’ ಅನ್ನೋ ಒಳಮನಸ್ಸು ಹೋಗಿಲ್ಲ. ರೈತನಿಗೆ ಮೊದಲು ಕಾಣಿಸೋದು ಬಾಯಿಂದ ಮದ್ದು ತುಂಬುವ ಬಂದೂಕು. ಅದು ಹಂದಿಗೆ ಸರಿಯಾ, ಗಾಯಗೊಂಡು ನರಳುತ್ತಾ ಅನ್ನೋ ಮಾತೇ ಕಾಯ್ದೆಯಲ್ಲಿಲ್ಲ.

ಅರ್ಜಿ ಹಾಕುವವರಿಗೆ

ವಯಸ್ಸು 21 ತುಂಬಿರಬೇಕು. ಅರ್ಜಿ ಹೋಗೋದು ಜಿಲ್ಲಾಧಿಕಾರಿಗೆ. ಗುರುತಿನ ದಾಖಲೆ, ಬೆಳೆ ರಕ್ಷಣೆಗಾದರೆ ಪಹಣಿ, ಬಂದೂಕು ಸುರಕ್ಷಿತವಾಗಿ ಬಳಸುವ ತರಬೇತಿಯ ಪ್ರಮಾಣಪತ್ರ ಜೊತೆಗಿರಲಿ. ನಿಮ್ಮ ಠಾಣೆಯಿಂದ ವರದಿ ತರಿಸಿಕೊಳ್ಳುತ್ತಾರೆ. ವರದಿ ನಿಗದಿತ ಸಮಯಕ್ಕೆ ಬರದಿದ್ದರೆ ಅದಕ್ಕೆ ಕಾಯದೆ ತೀರ್ಮಾನ ಮಾಡುವ ಅಧಿಕಾರ ಜಿಲ್ಲಾಧಿಕಾರಿಗಿದೆ.

ಬಡ ರೈತರು ನೆನಪಿಡಬೇಕಾದ ಸೆಕ್ಷನ್ 14. ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ. ‘ಎರಡೆಕರೆಯವನಿಗೆ ಬಂದೂಕು ಯಾಕೋ’ ಅಂತ ಯಾರಾದರೂ ಕೇಳಿದರೆ ಈ ಸೆಕ್ಷನ್ ತೋರಿಸಿ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗದಿದ್ದರೆ, ಕೇಳಿದಾಗ ಅದರ ಸಾರಾಂಶವನ್ನು ಕೊಡಬೇಕು. 18ನೇ ಸೆಕ್ಷನ್ ಅಡಿ ಮೇಲ್ಮನವಿ ಹಾಕಬಹುದು.

2019ರ ತಿದ್ದುಪಡಿ ಪ್ರಕಾರ ಲೈಸೆನ್ಸಿನ ಅವಧಿ 5 ವರ್ಷ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ ಕನಿಷ್ಠ 2, ಗರಿಷ್ಠ 5 ವರ್ಷ ಜೈಲು. ಅಭಯಾರಣ್ಯದ ಗಡಿಯಿಂದ 10 ಕಿ.ಮೀ. ಒಳಗೆ ಹೊಸ ಲೈಸೆನ್ಸ್ ಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು.

ಕರೆಂಟು ತಂತಿ, ಸಿಡಿಮದ್ದು: ಇವು ಉಪಾಯವಲ್ಲ

ಎರಡೂ ಕಾಗದ ಸಿಗದ ರೈತ ಏನು ಮಾಡ್ತಾನೆ? ಬೋರ್‌ವೆಲ್ಲಿನ ಲೈನಿನಿಂದ ಬೇಲಿಗೆ ನೇರ ಕರೆಂಟು ಕೊಡ್ತಾನೆ. ಇಲ್ಲವೇ ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು ಇಡ್ತಾನೆ. ತಂತಿ ಹಂದಿಗೆ ಅಂತ ಕಾಯಲ್ಲ. ನಸುಕಿನಲ್ಲಿ ಹೊಲಕ್ಕೆ ಹೋದವರು ಯಾರೇ ಮುಟ್ಟಲಿ, ಪ್ರಾಣ ತೆಗೆಯುತ್ತೆ. ಸತ್ತದ್ದು ಮನುಷ್ಯನಾದರೆ ಭಾರತೀಯ ನ್ಯಾಯ ಸಂಹಿತೆ, ಕರೆಂಟಿಗೆ ವಿದ್ಯುತ್ ಕಾಯ್ದೆ, ಸತ್ತ ಪ್ರಾಣಿಗೆ ವನ್ಯಜೀವಿ ಕಾಯ್ದೆ. ಸಿಡಿಮದ್ದಾದರೆ 1908ರ ಸ್ಫೋಟಕ ವಸ್ತುಗಳ ಕಾಯ್ದೆ. ಮೂವತ್ತು ಸಾವಿರದ ಬೆಳೆ ಉಳಿಸಲು ಹೋಗಿ ಮನೆತನವೇ ಕೋರ್ಟು ಅಲೆಯುತ್ತೆ.

ಸೋಲಾರ್ ಬೇಲಿ ಇದರಿಂದ ಬೇರೆ. ಅದು ಕ್ಷಣಮಾತ್ರದ ಸಣ್ಣ ಮಿಡಿತ ಕೊಟ್ಟು ಹೆದರಿಸುತ್ತೆ, ಕೊಲ್ಲಲ್ಲ. ಒಬ್ಬರ ಹೊಲಕ್ಕೆ ದುಬಾರಿ, ಹತ್ತು ಜನ ಸೇರಿ ಒಂದು ಸುತ್ತು ಹಾಕಿದರೆ ಹಗುರ. ಆದ ನಷ್ಟಕ್ಕೆ ಅರಣ್ಯ ಇಲಾಖೆಯ ಇ-ಪರಿಹಾರ ವ್ಯವಸ್ಥೆಯಿದೆ. ಫೋಟೊ, ಪಹಣಿ ಸಮೇತ ತಡಮಾಡದೆ ಅರ್ಜಿ ಹಾಕಿ. ಅರ್ಜಿಗಳ ದಾಖಲೆ ಬೆಳೆದಷ್ಟೂ ‘ಇಲ್ಲಿ ಹಂದಿ ಕಾಟ ಇದೆ’ ಅನ್ನೋ ಮಾತಿಗೆ ತೂಕ ಬರುತ್ತೆ.

ಹಾಗಾದರೆ ನಾವು ಕೇಳಬೇಕಾದ್ದೇನು?

ಎಲ್ಲರ ಕೈಗೂ ಬಂದೂಕು ಕೊಡಿ ಅನ್ನೋದು ನನ್ನ ಬೇಡಿಕೆ ಅಲ್ಲ. ಜಾತಿ ಜಗಳ, ಹೊಲದ ಬದುವಿನ ಜಗಳ, ಚುನಾವಣೆಯ ಜಗಳ ಇರುವ ಊರಲ್ಲಿ ಮನೆಗೊಂದು ಬಂದೂಕು ಬಂದರೆ ಮೊದಲು ಸಾಯೋದು ಹಂದಿ ಅಲ್ಲ.

ಕೇರಳ 2022ರ ಮೇ ತಿಂಗಳಲ್ಲಿ ಒಂದು ದಾರಿ ಹಿಡಿಯಿತು. ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ ಗೌರವ ವನ್ಯಜೀವಿ ಪರಿಪಾಲಕರ ಸ್ಥಾನ ಕೊಟ್ಟು, ಬೆಳೆ ಹಾಳುಮಾಡುವ ಹಂದಿಯನ್ನು ಲೈಸೆನ್ಸ್ ಇರುವ, ಪಟ್ಟಿಯಲ್ಲಿ ಹೆಸರಿರುವ ಗುರಿಕಾರರಿಂದ ಹೊಡೆಸಲು ಅಧಿಕಾರ ಕೊಟ್ಟಿತು. ಸ್ಫೋಟಕ, ವಿಷ, ಕರೆಂಟು ಬಳಸುವಂತಿಲ್ಲ ಅಂತ ಷರತ್ತು ಹಾಕಿತು. ಅದರಲ್ಲೂ ಕುಂದುಕೊರತೆ ಇವೆ. ಆದರೆ ತೀರ್ಮಾನ ಹೊಲದ ಹತ್ತಿರಕ್ಕೆ ಬಂತು, ಬಂದೂಕು ತರಬೇತಿ ಇರುವವರ ಕೈಯಲ್ಲೇ ಉಳಿಯಿತು. ನಮ್ಮಲ್ಲಿ ಹಾಗೆ ಪಟ್ಟಿ ಮಾಡುವುದಾದರೆ ತಲೆಮಾರುಗಳಿಂದ ಹೆಜ್ಜೆ ಗುರುತು ಓದಬಲ್ಲ ಸುರಪುರದ ಬೇಡ ಯುವಕರಿಗೆ ತರಬೇತಿ, ಸಂಬಳ, ಸರ್ಕಾರಿ ಗುರುತಿನ ಚೀಟಿ ಕೊಟ್ಟು ಸೇರಿಸಿಕೊಳ್ಳಬಾರದೇಕೆ? ಇಂದು ಆರೋಪಿಯ ಸಾಲಿನಲ್ಲಿ ನಿಲ್ಲುವ ಕೌಶಲ ನಾಳೆ ಕೆಲಸವಾದೀತು.

ಮೊದಲ ಹೆಜ್ಜೆಗೆ ಹತ್ತು ರೂಪಾಯಿ ಸಾಕು. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ: ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಚಾಲ್ತಿಯಲ್ಲಿರುವ ಲೈಸೆನ್ಸ್ ಎಷ್ಟು, ಅದರಲ್ಲಿ ಬೆಳೆ ರಕ್ಷಣೆಗೆ ಎಷ್ಟು, ಆತ್ಮರಕ್ಷಣೆಗೆ ಎಷ್ಟು, ಐದು ವರ್ಷದಲ್ಲಿ ನಿರಾಕರಿಸಿದ್ದು ಎಷ್ಟು? ಇನ್ನೊಂದು ಅರ್ಜಿ ಅರಣ್ಯ ಇಲಾಖೆಗೆ: 11ನೇ ಸೆಕ್ಷನ್ ಅಡಿ ಹಂದಿಗೆ ಅನುಮತಿ ಕೇಳಿದವರೆಷ್ಟು, ಸಿಕ್ಕಿದ್ದು ಎಷ್ಟು ಜನಕ್ಕೆ, ಈ ಅಧಿಕಾರ ನಮ್ಮ ಜಿಲ್ಲೆಯಲ್ಲಿ ಯಾರ ಬಳಿ ಇದೆ, ಬೆಳೆ ಪರಿಹಾರದ ಅರ್ಜಿಗಳಲ್ಲಿ ಬಾಕಿ ಎಷ್ಟು? ಹೆಸರು ಕೇಳಬೇಡಿ, ಸಂಖ್ಯೆ ಕೇಳಿ. ಬಂದ ಸಂಖ್ಯೆಯನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಓದಿ. ನಮ್ಮ ಜಿಲ್ಲೆಯಲ್ಲಿ ಬಂದೂಕು ಬೆಳೆ ಕಾಯ್ತಾ ಇದೆಯೋ, ಗೋಡೆಗೆ ತೂಗುಹಾಕಿದ ದೊಡ್ಡಸ್ತಿಕೆಯನ್ನು ಕಾಯ್ತಾ ಇದೆಯೋ ಅನ್ನೋದು ಅಲ್ಲಿಗೆ ಗೊತ್ತಾಗುತ್ತೆ.